ಗಿರಣಿಬೀದಿಯ ಹಳದಿ ದೀಪ

ದೀಪದ ಬುಡದಲ್ಲಿ ಗಾಂಜಾ ಎಂದು ಹಿರಿಯರು ಹೇಳಿದ್ದಾರೆ. ಅವರು ಹೇಳಿದ್ದು ಕತ್ತಲೆ ಅಂತಲ್ಲವೇ ಎಂದು ತಿದ್ದಲು ಬರಬೇಡಿ. ಈ ಮನೆಯಲ್ಲಿ ದೀಪದ ಬುಡದಲ್ಲಿದ್ದದ್ದು ಗಾಂಜಾ ಗಿಡವೇ. ಕತ್ತಲೆ ಬೇರೆ ಕಡೆ ಇತ್ತು, ಎಲ್ಲಿತ್ತು ಎಂದು ಹೇಳುವುದಕ್ಕೇ ಈ ಕಥೆ. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ಒಂದು ಮಾತು ಸುಳ್ಳಾದರೂ ನನ್ನ ಚಹಾದಲ್ಲಿ ಕಲ್ಲುಸಕ್ಕರೆ ಕರಗದೆ ಹೋಗಲಿ. ಜರ್ಮನಿಯ ವಾಯವ್ಯ ಮೂಲೆಯ ನಮ್ಮ ಪೂರ್ವ ಫ್ರೀಸ್‌ಲ್ಯಾಂಡಿನಲ್ಲಿ ಇದಕ್ಕಿಂತ ದೊಡ್ಡ ಆಣೆ ಇಲ್ಲ.

ವಯಸ್ಕರು ತಲೆಗೆ ಮೂರರಂತೆ ಮನೆಯೊಳಗೆ ಗಾಂಜಾ ಗಿಡ ಬೆಳೆಸಿಕೊಳ್ಳಬಹುದು ಎಂದು ಜರ್ಮನಿಯ ಸರ್ಕಾರ ಒಪ್ಪಿದ ವರ್ಷ, ತೇಡಾ ಪೊಪ್ಪಿಂಗಾಳ ಸೊಂಟ ಅವಳ ಮಾತು ಕೇಳುವುದನ್ನು ಬಿಟ್ಟಿತ್ತು. ನಿಂತರೆ ಸುಮ್ಮನಿರುತ್ತಿತ್ತು, ಮಲಗಿದರೆ ಕೂಗುತ್ತಿತ್ತು. ಡಾಕ್ಟರು ಕೊಟ್ಟ ಗುಳಿಗೆಗಳು ಹೊಟ್ಟೆ ಕೆಡಿಸಿದವೇ ಹೊರತು ನಿದ್ದೆ ತರಲಿಲ್ಲ. ಚರ್ಚಿನ ಗಾಯನ ಮಂಡಳಿಯಲ್ಲಿ ಪಕ್ಕಕ್ಕೆ ನಿಲ್ಲುವ ಹೆಂಗಸು, ತಾನು ಮಲಗುವ ಮುಂಚೆ ಮನೆಯಲ್ಲೇ ಬೆಳೆದ ಗಾಂಜಾ ಹಾಕಿ ಮಾಡಿದ ಬಿಸ್ಕತ್ತಿನ ಒಂದು ಮೂಲೆ ಮುರಿದು ತಿಂದು ಹಸುವಿನ ಹಾಗೆ ಮಲಗುತ್ತೇನೆ ಎಂದಳು. ಮೂರು ಬಟ್ಟಲು ಚಹಾ ನಮ್ಮ ಸೀಮೆಯ ಹಳೆಯ ಹಕ್ಕು, ಮೂರು ಗಿಡ ಹೊಸ ಹಕ್ಕು. ಮೂರು ನಮಗೆ ಒಗ್ಗಿದ ಸಂಖ್ಯೆ. ತೇಡಾ ಬೀಜ ತರಿಸಿದಳು, ದೀಪದ ಬೆಳಕಿನಲ್ಲಿ ಗಿಡ ಬೆಳೆಸಲೆಂದು ಅಟ್ಟದ ಕೋಣೆಯಲ್ಲಿ ಕಪಾಟಿನಷ್ಟು ಎತ್ತರದ, ಹೊರಗೆ ಕಪ್ಪು ಒಳಗೆ ಬೆಳ್ಳಿ ಬಣ್ಣದ ಟೆಂಟು ನಿಲ್ಲಿಸಿದಳು.

ಮನೆಯಲ್ಲಿ ಇನ್ನೊಬ್ಬ ವಯಸ್ಕನಿದ್ದ. ಅವಳ ತಮ್ಮ ಹಬ್ಬೊ. ಮದುವೆಯಾಗಿರಲಿಲ್ಲ, ಪುರಸಭೆಯ ಬೀದಿದೀಪಗಳನ್ನೇ ಕಟ್ಟಿಕೊಂಡು ನಿವೃತ್ತನಾದವನು. ಅವನ ತಲೆಗೂ ಮೂರು ಗಿಡ ಬರುತ್ತಿದ್ದವು. ಅವನು ಸೇದುವವನಲ್ಲ, ಬಿಸ್ಕತ್ತೂ ಬೇಡ. ಆದರೆ ಹಕ್ಕು ಬಿಡುವವನೂ ಅಲ್ಲ. ಹೀಗೆ ಕುಂಡಗಳು ಆರಾದವು. ಯಾರದು ಯಾವುದೆಂದು ತಿಳಿಯಲು ತೇಡಾ ತನ್ನ ಮೂರು ಕುಂಡಗಳಿಗೆ ನೇರಳೆ ಉಣ್ಣೆಯ ದಾರ, ಅವನ ಮೂರಕ್ಕೆ ಕಂದು ದಾರ ಕಟ್ಟಿದಳು.

ಬೀಜಗಳು ಮೊಳೆತವು. ದೀಪ ಬರಲಿಲ್ಲ.

ದೀಪದ ವಿಷಯ ಹಬ್ಬೊ ವಹಿಸಿಕೊಂಡಿದ್ದ. ಊರಿಗೆಲ್ಲ ಬೆಳಕು ಕೊಟ್ಟವನು ಆರು ಕುಂಡಕ್ಕೆ ಕೊಡಲಾರನೇ? ಬೆಳಿಗ್ಗೆ ಒಂದು ದೀಪ ಆಯ್ಕೆ ಮಾಡುತ್ತಿದ್ದ, ಸಂಜೆ ಅದರಲ್ಲಿ ಹುಳುಕು ಹುಡುಕುತ್ತಿದ್ದ. ನೇರಳೆ ಬೆಳಕಿನದು ನಾಟಕದ ಕಂಪನಿಗೆ ಸರಿ ಎಂದ. ಟ್ಯೂಬ್‌ಲೈಟು ದನದ ಕೊಟ್ಟಿಗೆಗೆ ಸರಿ ಎಂದ. ಎಲ್‌ಇಡಿ ಎಂಬ ಹೆಸರು ಬಂದರೆ ಮಾತೇ ಆಡುತ್ತಿರಲಿಲ್ಲ, ಮೂಗಿನಿಂದ ಒಂದು ಸದ್ದು ಹೊರಡಿಸುತ್ತಿದ್ದ. ಸಸಿಗಳು ಅಟ್ಟದ ಕಿಟಕಿಯತ್ತ ಕತ್ತು ಚಾಚಿ ಚಾಚಿ ಹೊಲಿಗೆಯ ದಾರದಂತಾದವು. ಎರಡು ಎಲೆ ಹೊತ್ತುಕೊಂಡು ನಿಲ್ಲುವ ತ್ರಾಣವೂ ಅವಕ್ಕಿರಲಿಲ್ಲ. ತೇಡಾ ಬೆಂಕಿಕಡ್ಡಿಗಳನ್ನು ಊರುಗೋಲಾಗಿ ಕೊಟ್ಟಳು. ಅವು ಬಿದ್ದರೆ ಅವಳ ನಿದ್ದೆಯೂ ಬಿದ್ದ ಹಾಗೆ.

ಎಲ್‌ಇಡಿಯ ಮೇಲೆ ಹಬ್ಬೊನಿಗೆ ಹಳೆಯ ಸಿಟ್ಟು. ಅವನ ಸೇವೆಯ ಕೊನೆಯ ವರ್ಷ ಪುರಸಭೆ ಊರಿನ ಹಳದಿ ಸೋಡಿಯಂ ದೀಪಗಳನ್ನೆಲ್ಲ ಕಿತ್ತು ಬಿಳಿ ಎಲ್‌ಇಡಿ ಹಾಕಿಸಿತು. ಕಿತ್ತವನು ಹಬ್ಬೊನೇ. ಆ ಸಂಭ್ರಮಕ್ಕೆ ಮೇಯರ್ ಚಹಾಕೂಟ ಇಟ್ಟಿದ್ದರು. ಹಬ್ಬೊ ಒಂದೇ ಬಟ್ಟಲು ಕುಡಿದು ಚಮಚವನ್ನು ಬಟ್ಟಲಿನೊಳಗೆ ನಿಲ್ಲಿಸಿದ. ಮೂರರ ನಂತರ ಚಮಚ ನಿಲ್ಲಿಸಿದರೆ ಸಾಕು ಎಂದರ್ಥ. ಒಂದರ ನಂತರ ನಿಲ್ಲಿಸಿದರೆ ನಿನ್ನ ಸಹವಾಸವೇ ಸಾಕು ಎಂದರ್ಥ. ಅಂದಿನಿಂದ ಮೇಯರ್ ಜೊತೆ ಅವನು ಮಾತಾಡಲಿಲ್ಲ. ಮೇಯರ್ ಬದಲಾದರು, ಹೊಸಬರ ಜೊತೆಗೂ ಮಾತಾಡಲಿಲ್ಲ. ಕಿತ್ತವುಗಳಲ್ಲಿ ಗಿರಣಿಬೀದಿಯ ಕೊನೆಯ ಕಂಬದ ದೀಪವೊಂದನ್ನು ಕೇಳಿ ಮನೆಗೆ ತಂದು, ಅಡುಗೆಮನೆಯ ಹಲಗೆಯ ಮೇಲಿಟ್ಟು ಭಾನುವಾರ ಭಾನುವಾರ ಒರೆಸುತ್ತಿದ್ದ. ಬೋರಲು ಹಾಕಿದ ದೋಣಿಯಂಥ ತಗಡಿನ ಚಿಪ್ಪು, ಅದಕ್ಕೆ ಹಾಲುಬಣ್ಣದ ಗಾಜು.

ಪುರಸಭೆಗೆ ದೂರು ಬರೆದೂ ಆಗಿತ್ತು. ಉತ್ತರ ಬರಲಿಲ್ಲ. ಆದರೆ ಕೆಲವು ವರ್ಷ ಕಳೆದ ಮೇಲೆ ಒಂದು ಸಂಜೆ ವಾಕಿಂಗ್ ಮುಗಿಸಿ ಬಂದ ಹಬ್ಬೊ ತೃಪ್ತಿಯಿಂದ ಹೇಳಿದ್ದ: “ನೋಡಿದ್ಯಾ? ಸದ್ದಿಲ್ದೆ ಹಳದಿ ಮಾಡ್ಬಿಟ್ಟಿದಾರೆ. ತಪ್ಪು ಒಪ್ಕೊಳೋಕೆ ಮುಖ ಇಲ್ಲ, ಅದಕ್ಕೇ ಉತ್ತರ ಬರೀಲಿಲ್ಲ.” ತೇಡಾ ಬಾಗಿಲಿಗೆ ಹೋಗಿ ನೋಡಿದಳು. ಬೀದಿದೀಪ ಮೊಟ್ಟೆಯ ಚಿಪ್ಪಿನಷ್ಟು ಬೆಳ್ಳಗಿತ್ತು. ಇವನಿಗೆ ಹಾಗೆ ಕಂಡರೆ ಸಮಾಧಾನವೆಂದು ಸುಮ್ಮನಾದಳು. ಒಂದು ಕಾಲಿಗೆ ಕಪ್ಪು, ಒಂದು ಕಾಲಿಗೆ ನೀಲಿ ಕಾಲ್ಚೀಲ ಹಾಕಿಕೊಂಡು ಬಂದಾಗಲೆಲ್ಲ ಕಣ್ಣಿನ ಡಾಕ್ಟರ ಹತ್ತಿರ ಹೋಗು ಎನ್ನುತ್ತಿದ್ದಳು. “ನಾನು ಬೆಳಕಿನ ಮನುಷ್ಯ. ನನ್ನ ಕಣ್ಣು ನಂಗೊತ್ತು,” ಎನ್ನುತ್ತಿದ್ದ ಅವನು.

ಆ ಮನೆಯಲ್ಲಿ ಒಂದೇ ಒಂದು ನಿಷೇಧವಿತ್ತು. ಒಂದು ಬಲ್ಬ್ ಬದಲಾಯಿಸಲು ಎಷ್ಟು ಜನ ಪೂರ್ವ ಫ್ರೀಸರು ಬೇಕು ಎಂದು ನಮ್ಮನ್ನು ಹಾಸ್ಯ ಮಾಡಲು ಜರ್ಮನಿಯಲ್ಲೆಲ್ಲ ಕೇಳುತ್ತಾರೆ. ಐವರು ಬೇಕಂತೆ: ಒಬ್ಬ ಮೇಜಿನ ಮೇಲೆ ನಿಂತು ಬಲ್ಬ್ ಹಿಡಿದುಕೊಳ್ಳಲು, ನಾಲ್ವರು ಮೇಜು ತಿರುಗಿಸಲು. ತರಬೇತಿಗೆಂದು ಬವೇರಿಯಾಕ್ಕೆ ಹೋದಾಗಲೆಲ್ಲ ಹಬ್ಬೊ ಇದನ್ನು ಊಟಕ್ಕೆ ಮುಂಚೆ ಒಮ್ಮೆ, ಊಟವಾದ ಮೇಲೆ ಒಮ್ಮೆ ಕೇಳಬೇಕಾಗಿತ್ತು. ಆದ್ದರಿಂದ ಅವನ ಸೂರಿನಡಿ ಅದನ್ನು ಯಾರೂ ಹೇಳಕೂಡದು.

ಹೇಳಬೇಕೆಂದು ನಾಲಿಗೆ ತುರಿಸಿಕೊಳ್ಳುತ್ತಿದ್ದವನು ಪಕ್ಕದ ಮನೆಯ ಓನ್ನೊ. ಲೇರ್ ರೈಲು ನಿಲ್ದಾಣದಲ್ಲಿ ಘೋಷಣೆ ಕೂಗಿ ನಿವೃತ್ತನಾದವನು. ಪಾದ್ರಿ, ಮೇಯರ್, ಮೇಯರ್ ಮನೆಯ ನಾಯಿ, ಯಾರ ದನಿ ಬೇಕಾದರೂ ಅವನ ಗಂಟಲಲ್ಲಿ ಬಾಡಿಗೆಗಿತ್ತು.

“ಮೊಯಿನ್,” ಎಂದು ನಮ್ಮ ಸೀಮೆಯ ನಮಸ್ಕಾರ ಹೇಳಿ ಒಂದು ಮಧ್ಯಾಹ್ನ ಬಂದು ಕೂತ. ತೇಡಾ ಬಟ್ಟಲಿಗೆ ಕಲ್ಲುಸಕ್ಕರೆ ಹಾಕಿ ಬಿಸಿ ಚಹಾ ಸುರಿದಳು. ಸಕ್ಕರೆ ಚಟಪಟ ಎಂದು ಒಡೆಯಿತು. ಅಂಚಿನಿಂದ ಕೆನೆ ಇಳಿಸಿದಳು. ಯಾರೂ ಕದಡಲಿಲ್ಲ, ಕದಡುವವರು ಹೊರಗಿನವರು.

“ದೀಪ ಬಂತಾ?” ಓನ್ನೊ ಕೇಳಿದ.

“ಇನ್ನು ಹುಡುಕೋದು ಬೇಡ. ತೀರ್ಮಾನ ಆಗಿದೆ,” ಎಂದ ಹಬ್ಬೊ, ಹಲಗೆಯತ್ತ ಗದ್ದ ಎತ್ತಿ. “ಗಿರಣಿಬೀದಿ.”

ತೇಡಾ ಚಹಾಪಾತ್ರೆ ಕೆಳಗಿಟ್ಟಳು. “ಅದು ಕೆಂಡದ ಹಾಗೆ ಕಾಯುತ್ತೆ ಕಣೋ! ಟೆಂಟು ಬಟ್ಟೇದು. ಮೇಲೆ ಮರದ ತೊಲೆ, ಅದರ ಮೇಲೆ ಜೊಂಡಿನ ಸೂರು.”

“ನಲವತ್ತು ವರ್ಷ ಕಂಬದ ಮೇಲಿತ್ತು. ಕಂಬ ಸುಟ್ಟುಹೋಯ್ತಾ?”

“ಕಂಬ ಕಬ್ಬಿಣದ್ದು!”

“ಸೋಡಿಯಂ ಬೆಳಕು ಸಾಯಂಕಾಲದ ಸೂರ್ಯನ ಬೆಳಕು. ಗಿಡಕ್ಕೆ ಸೂರ್ಯ ಬೇಕೋ, ಆಸ್ಪತ್ರೆಯ ಕಾರಿಡಾರ್ ಬೇಕೋ ನೀನೇ ಹೇಳು, ದೊಡ್ಡವಳೇ. ಶನಿವಾರ ಆಟ ಮುಗಿಸಿ ಬಂದು ನಾನೇ ತೂಗುಹಾಕ್ತೀನಿ.”

ಆಟ ಎಂದರೆ ಹಳ್ಳಿ ರಸ್ತೆಯಲ್ಲಿ ಗುಂಡು ಉರುಳಿಸುವುದು. ಈಚೆಗೆ ಹಬ್ಬೊ ಉರುಳಿಸಿದ ಗುಂಡುಗಳೆಲ್ಲ ಪಕ್ಕದ ಕಾಲುವೆಗೇ ಹೋಗುತ್ತಿದ್ದವು. ರಸ್ತೆ ಓರೆಯಾಗಿದೆ ಎಂದು ಅವನ ಅಂಬೋಣ.

ಹಬ್ಬೊ ಹೋದ ಮೇಲೆ ಓನ್ನೊ ಗಂಟಲು ಸರಿಮಾಡಿಕೊಂಡು ನಿಲ್ದಾಣದ ದನಿಯಲ್ಲಿ ಹೇಳಿದ: “ಪ್ರಯಾಣಿಕರ ಗಮನಕ್ಕೆ. ಪೊಪ್ಪಿಂಗಾ ಮನೆಯ ಅಟ್ಟದಿಂದ ಹೊರಡುವ ನಿದ್ದೆ ಅನಿರ್ದಿಷ್ಟ ಕಾಲ ತಡವಾಗಿ ಚಲಿಸಲಿದೆ.”

“ನಗಿಸ್ಬೇಡ. ನಕ್ಕರೂ ಸೊಂಟ ನೋಯುತ್ತೆ.”

“ಒಂದ್ ಮಾತು ಹೇಳ್ಲಾ ಹುಡುಗಿ? ಅವನಿಗೆ ಬೇಕಾಗಿರೋದು ಗಿರಣಿಬೀದಿಯ ಚಿಪ್ಪು. ನಿಂಗೆ ಬೇಕಾಗಿರೋದು ಎಲ್‌ಇಡಿಯ ತಿರುಳು. ತೆಂಗಿನಕಾಯಿ ಒಡೆದು ಒಳಗೆ ಬೇರೆ ಕಾಯಿ ಇಟ್ರಾಯ್ತು.”

ತೇಡಾ ಬೇಡ ಎನ್ನಲು ಬಾಯಿ ತೆರೆದಳು. ಬಿಸಿಲಿಗೆಂದು ಅಟ್ಟದಿಂದ ತಂದು ಕಿಟಕಿಯಲ್ಲಿಟ್ಟಿದ್ದ, ಬೆಂಕಿಕಡ್ಡಿಗೆ ಒರಗಿದ ಸಸಿ ಕಾಣಿಸಿತು. ಬಾಯಿ ಮುಚ್ಚಿದಳು.

ಶನಿವಾರ ಹಬ್ಬೊ ಗುಂಡು ಉರುಳಿಸುತ್ತಿದ್ದಾಗ ಓನ್ನೊ ಅಡುಗೆಮನೆಯ ಮೇಜಿನ ಮೇಲೆ ಗಿರಣಿಬೀದಿಯ ಹೊಟ್ಟೆ ಬಗೆದ. ಹಳೆಯ ಕೊಳವೆಯನ್ನೂ ಇಟ್ಟಿಗೆಯಷ್ಟು ಭಾರದ ಚೋಕನ್ನೂ ಹೊರತೆಗೆದು, ಸಪೂರ ಎಲ್‌ಇಡಿ ಪಟ್ಟಿಗಳನ್ನು ಸಾಲಾಗಿ ಕೂರಿಸಿ, ಹಾಲುಗಾಜು ಮುಚ್ಚಿದ. ಸೋಡಿಯಂ ದೀಪ ಹೊತ್ತಿದ ಕೂಡಲೇ ಬೆಳಗುವುದಿಲ್ಲ, ನಿಧಾನಕ್ಕೆ ಮೈ ಕಾಯಿಸಿಕೊಳ್ಳುತ್ತದೆ; ಹಾಗೆಯೇ ಮೆಲ್ಲಗೆ ಏರುವ ಏರ್ಪಾಡು ಮಾಡಿದ. ಸೋಡಿಯಂ ದೀಪ ಗುಂಯ್ ಎನ್ನುತ್ತದೆ. ಆ ಸದ್ದಿಗೆಂದು ತನ್ನ ಸತ್ತ ಬಂಗಾರದ ಮೀನುಗಳ ತೊಟ್ಟಿಯ ಗಾಳಿ ಪಂಪನ್ನು ತಂದು, ದೀಪದ ಸ್ವಿಚ್ಚಿಗೇ ಜೋಡಿಸಿ ಟೆಂಟಿನ ಹಿಂದೆ ಅಡಗಿಸಿದ. ಬೆಳಕು ಹಳದಿಯಾಗಬೇಕಲ್ಲ, ಅದಕ್ಕೆ ಗಾಜಿಗೆ ಅಂಟಿಸಲು ಹಳದಿ ಜಿಲೆಟಿನ್ ಹಾಳೆ ತಂದಿದ್ದ. ಅದೊಂದನ್ನು ಅಂಟಿಸಲು ಮರೆತ.

ಮರೆತದ್ದು ನೆನಪಾದಾಗ ಹಬ್ಬೊ ದೀಪವನ್ನು ತಾನೇ ತೂಗುಹಾಕಿ ಮುಗಿಸಿ, ಸ್ವಿಚ್ಚಿನ ಮೇಲೆ ಬೆರಳಿಟ್ಟಿದ್ದ. ಹಾಳೆ ಕೆಳಗೆ ಬ್ರೆಡ್ಡಿನ ಪಕ್ಕದಲ್ಲಿತ್ತು. ಓನ್ನೊ ತೇಡಾಳನ್ನು ನೋಡಿದ, ತೇಡಾ ಸೂರನ್ನು ನೋಡಿದಳು.

ಗುಂಯ್ ಎಂದಿತು ಮೀನಿನ ಪಂಪು. ದೀಪ ನಿಧಾನವಾಗಿ ಏರಿತು. ಟೆಂಟಿನ ಬೆಳ್ಳಿ ಗೋಡೆಗಳಿಂದ ಚಿಮ್ಮಿದ ಬೆಳಕಿಗೆ ತೇಡಾಳ ಕೈಗಳು ಹಿಟ್ಟಿನಲ್ಲಿ ಅದ್ದಿ ತೆಗೆದಂತೆ ಬಿಳಿಚಿಕೊಂಡವು. ಇದಕ್ಕಿಂತ ಬಿಳಿಯ ಬೆಳಕು ಆ ಮನೆಗೆ ಯಾವತ್ತೂ ಬಂದಿರಲಿಲ್ಲ.

ಹಬ್ಬೊ ಕೈಕಟ್ಟಿ ನೋಡಿದ. ಬಹಳ ಹೊತ್ತು ನೋಡಿದ.

“ಜೇನುತುಪ್ಪ,” ಎಂದ. “ಅಪ್ಪಟ ಜೇನುತುಪ್ಪ. ನೋಡ್ಕೊಳಿ, ಇದಕ್ಕೆ ಬೆಳಕು ಅಂತಾರೆ.”

ಜೇಬಿನಿಂದ ಬೆಳಕಿನ ಮಾಪಕ ತೆಗೆದು ಕೆಳಗೆ ಹಿಡಿದ. ಮಾಪಕಕ್ಕೆ ಬಣ್ಣ ಗೊತ್ತಿಲ್ಲ, ಎಷ್ಟು ಎಂಬುದಷ್ಟೇ ಗೊತ್ತು. ಮುಳ್ಳು ಕೊನೆಗೆ ಹೋಗಿ ಬಡಿಯಿತು. “ವಯಸ್ಸಾದ್ಮೇಲೆ ಇನ್ನೂ ಜೋರಾಗಿದಾಳೆ ಮುದುಕಿ! ಬಿಸೀನೂ ಇಲ್ಲ, ಕೈಯಿಟ್ಟು ನೋಡು ತೇಡಾ. ನೀನು ಸುಮ್ಸುಮ್ನೆ ಹೆದರ್ತಿದ್ದೆ.”

ಮೆಟ್ಟಿಲಿಳಿಯುವಾಗ ಓನ್ನೊ ಪಿಸುಗುಟ್ಟಿದ: “ನಾವು ಅವನ್ನ ಆಟ ಆಡಿಸ್ತಿದೀವಾ, ಅವನು ನಮ್ಮನ್ನಾ?”

ತೇಡಾಳಿಗೆ ಹಳದಿ ತಿರುಗಿದ ಬೀದಿದೀಪಗಳು, ಜೋಡಿ ತಪ್ಪಿದ ಕಾಲ್ಚೀಲಗಳು, ಕಾಲುವೆಗೆ ಹೋದ ಗುಂಡುಗಳು ಎಲ್ಲ ಒಟ್ಟಿಗೆ ಅರ್ಥವಾದವು. “ಕಣ್ಣಿಗೆ ಪೊರೆ ಬಂದಿದೆ ಓನ್ನೊ. ಅವನು ಜೇನಿನ ಬಾಟ್ಲಿಯೊಳಗಿಂದ ಪ್ರಪಂಚ ನೋಡ್ತಿದಾನೆ.”

ಅಂದಿನಿಂದ ತೇಡಾ ಕಣ್ಣಿನ ಡಾಕ್ಟರ ಮಾತೆತ್ತಲಿಲ್ಲ. ಎಷ್ಟೋ ವರ್ಷದಿಂದ ಪ್ರತಿ ವಾರ ಎತ್ತುತ್ತಿದ್ದ ಮಾತು. ಅವನ ಕಣ್ಣು ಸರಿಹೋದರೆ ಬೆಳಕು ಬಿಳಿಯೆಂದು ತಿಳಿಯುತ್ತದೆ, ತಿಳಿದ ದಿನ ಚಮಚ ಬಟ್ಟಲಿನೊಳಗೆ ನಿಲ್ಲುತ್ತದೆ. ಮೇಯರ್ ಬೇರೆ ಬೀದಿಯಲ್ಲಿದ್ದರು. ಇವಳು ಇದೇ ಮನೆಯಲ್ಲಿರಬೇಕು. ಕಾಲ್ಚೀಲ ತಾನೇ ಜೋಡಿಸಿಡತೊಡಗಿದಳು.

ಗಿಡಗಳು ಮಾತ್ರ ಬೆಂಕಿಕಡ್ಡಿ ಒದ್ದು ಎದ್ದವು. ಕಾಂಡ ಬೆರಳು ಗಾತ್ರವಾಯಿತು, ಎಲೆಗಳು ಅಂಗೈ ಬಿಚ್ಚಿದವು. ಸಮಯ ಬಂದಾಗ, ಚಳಿಗಾಲ ಬಂತೆಂದು ಗಿಡವನ್ನು ನಂಬಿಸಿ ಹೂ ಬಿಡಿಸಲು ದೀಪವನ್ನು ಅರ್ಧ ದಿನ ಆರಿಸಿಡಬೇಕು, ಹಾಗೆ ಮಾಡಿದಳು. ಗಿಡಕ್ಕೂ ಮೋಸ, ತಮ್ಮನಿಗೂ ಮೋಸ, ಎರಡೂ ಒಂದೇ ಸ್ವಿಚ್ಚಿನಲ್ಲಿ. ಹಬ್ಬೊ ಆಟದ ಗೆಳೆಯರಿಗೆಲ್ಲ ಗಿರಣಿಬೀದಿಯ ಮಹಿಮೆ ಹೇಳಿಕೊಂಡು ತಿರುಗಿದ. ಎಲ್‌ಇಡಿ ಕೊಂಡಿದ್ದ ಒಬ್ಬ ಪಾಪ ಅದನ್ನು ಮಾರಿ ಸೋಡಿಯಂ ಹುಡುಕಲು ಹೊರಟನಂತೆ.

ಹೂ ಬಂತು. ಹೂವಿನ ಮೇಲೆ ಸಕ್ಕರೆ ಪುಡಿಯಂತೆ ಅಂಟಿನ ಹನಿಗಳು ಬಂದವು. ಈ ಹನಿಗಳು ಮೊದಲು ಗಾಜಿನ ಹಾಗೆ ತಿಳಿಯಾಗಿರುತ್ತವೆ, ಆಮೇಲೆ ಹಾಲಿನಂತಾಗುತ್ತವೆ, ಕೊನೆಗೆ ಅಲ್ಲಲ್ಲಿ ಜೇನಿನ ಬಣ್ಣಕ್ಕೆ ತಿರುಗುತ್ತವೆ. ಆಗ ಕೊಯ್ಯಬೇಕು. ಒಂದು ಬೆಳಿಗ್ಗೆ ತೇಡಾ ಅಟ್ಟ ಹತ್ತಿದಾಗ ಹಬ್ಬೊ ಒಂದು ಕೈಯಲ್ಲಿ ಭೂತಗನ್ನಡಿ, ಒಂದು ಕೈಯಲ್ಲಿ ಕತ್ತರಿ ಹಿಡಿದಿದ್ದ.

“ಎಲ್ಲ ಜೇನುಬಣ್ಣ ಆಗಿದೆ. ಕೊಯ್ಯೋಣ.”

ಅವಳು ಭೂತಗನ್ನಡಿ ಇಸಿದುಕೊಂಡು ನೋಡಿದಳು. ಹನಿಗಳು ನಲ್ಲಿ ನೀರಿನಷ್ಟು ತಿಳಿಯಾಗಿದ್ದವು. “ಇನ್ನೂ ಎಳೇದು ಕಣೋ.”

“ಎಳೇದಾ? ಒಂದೊಂದೂ ಹಳದಿ ಅಂಬರ್ ಕಲ್ಲಿನ ಮಣಿ ಇದ್ದಂಗಿದೆ! ನಿಂದು ನೀನು ಇಟ್ಕೋ. ನನ್ನ ಮೂರು ನಾನು ಕೊಯ್ತೀನಿ, ಅದು ನನ್ನ ಹಕ್ಕು.” ಎಂದು ಬಗ್ಗಿ ಒಂದು ಕಾಂಡಕ್ಕೆ ಕತ್ತರಿಯ ಬಾಯಿ ಇಟ್ಟ.

“ಬಿಡೋ! ಅದು ನಂದು! ನೇರಳೆ ದಾರ ಕಾಣಲ್ವಾ?”

“ಕಂದು ಇದು.”

“ನೇರಳೆ!”

“ತೇಡಾ, ಬಣ್ಣದ ವಿಷಯದಲ್ಲಿ ನನಗೆ ಹೇಳ್ಕೊಡ್ತೀಯಾ?”

ಕತ್ತರಿಯ ಎರಡು ಅಲಗುಗಳ ನಡುವೆ ಅವಳ ಚಳಿಗಾಲದ ನಿದ್ದೆ ಸಿಕ್ಕಿಕೊಂಡಿತ್ತು. ಇನ್ನೊಂದು ದಾರಿ ಹುಡುಕಿದಳು, ಸಿಗಲಿಲ್ಲ. ಹುಡುಕುತ್ತಿರುವಾಗ ತಮ್ಮನ ಕಣ್ಣಿಗೆ ಕಣ್ಣಿಟ್ಟು ನೋಡಿದಳು. ಬಹಳ ದಿನದಿಂದ ಹಾಗೆ ನೋಡುವುದನ್ನು ತಪ್ಪಿಸಿಕೊಂಡಿದ್ದಳು. ಪಾಪೆಯೊಳಗೆ ಮಂಜು ಕೂತಿತ್ತು. ಈ ಕಣ್ಣಿಟ್ಟುಕೊಂಡು ಇವನು ದಿನಾ ಕಾಲುವೆಯ ದಂಡೆಯ ಮೇಲೆ ಸೈಕಲ್ ಹೊಡೆಯುತ್ತಾನೆ.

“ಪಂದ್ಯ ಕಟ್ಟೋಣ,” ಎಂದಳು. “ಕಣ್ಣಿನ ಡಾಕ್ಟರ ಹತ್ರ ನಡಿ. ನಿನ್ನ ಕಣ್ಣು ನೆಟ್ಟಗಿದೆ ಅಂದ್ರೆ ಆರೂ ಗಿಡ ಕೊಯ್ಯಿ. ಇಲ್ಲ ಅಂದ್ರೆ ಅವರು ಹೇಳ್ದಂಗೆ ಮಾಡ್ಸ್ಕೋಬೇಕು.”

ಗೆದ್ದೇ ಗೆಲ್ಲುತ್ತೇನೆಂದು ಹಬ್ಬೊ ಕತ್ತರಿ ಕೆಳಗಿಟ್ಟ.

ಡಾಕ್ಟರಮ್ಮ ಅವನ ಕಣ್ಣೊಳಗೆ ದೀಪ ಬಿಟ್ಟು ನೋಡಿ, ಇಷ್ಟು ದಿನ ಗೋಡೆಗೆ ಡಿಕ್ಕಿ ಹೊಡೆಯದೆ ಹೇಗೆ ಓಡಾಡಿದಿರಿ ಎಂದು ಕುತೂಹಲದಿಂದ ಕೇಳಿದರು. ಯಾರೋ ರದ್ದು ಮಾಡಿದ ಸರದಿ ಸಿಕ್ಕಿ ಅದೇ ವಾರ ಒಂದು ಕಣ್ಣಿನ ಪೊರೆ ತೆಗೆದರು. ಪಟ್ಟಿ ಬಿಚ್ಚುವ ದಿನ ಮಧ್ಯಾಹ್ನ ಆಸ್ಪತ್ರೆಯ ಕಾರಿಡಾರಿನಲ್ಲಿ ತೇಡಾಳ ಫೋನು ಬಡಿದುಕೊಂಡಿತು.

“ಪ್ರಯಾಣಿಕರ ಗಮನಕ್ಕೆ,” ಎಂದಿತು ಫೋನು, ಆದರೆ ದನಿ ನಡುಗುತ್ತಿತ್ತು. “ಹಳೇ ಕೊಳವೆ ನನ್ನ ಶೆಡ್ಡಲ್ಲೇ ಇದೆ ಹುಡುಗಿ. ನೀವು ಬರೋದ್ರೊಳಗೆ ವಾಪಸ್ ಹಾಕ್ಬಿಡ್ಲಾ? ಇಲ್ಲಾ ಆ ಹಳದಿ ಹಾಳೆನಾದ್ರೂ ಅಂಟಿಸ್ಲಾ?”

ತೇಡಾ ಗಾಜಿನ ಬಾಗಿಲಾಚೆ ನೋಡಿದಳು. ಕುರ್ಚಿಯಲ್ಲಿ ಕೂತ ಹಬ್ಬೊ ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ, ಈಗಷ್ಟೇ ಯಾರೋ ಕೊಟ್ಟ ಕೈಯೇನೋ ಎಂಬಂತೆ.

“ಬೇಡ,” ಎಂದಳು. “ಇವತ್ತು ಅವನಿಗೆ ಏನ್ ಕಾಣುತ್ತೋ ಅದೇ ಕಾಣ್ಲಿ. ಚಹಾಕ್ಕೆ ನೀರಿಡು.”

ಕಾರಿನಲ್ಲಿ ಹಬ್ಬೊ ಕಿಟಕಿಗೆ ಮೂಗು ಒತ್ತಿ ಕೂತ. ಊರು ಹತ್ತಿರವಾದ ಮೇಲೆ, “ಆಕಾಶಕ್ಕೆ ಈ ಬಣ್ಣ ಯಾವಾಗ ಹೊಡೆದ್ರು?” ಎಂದ. ಸ್ವಲ್ಪ ಹೊತ್ತಿನ ಮೇಲೆ, “ನಿನ್ನ ಸ್ವೆಟರ್ ನೇರಳೆ,” ಎಂದ. ಆಮೇಲೆ ಅವಳ ಮುಖ ನೋಡಿ, “ನೀನ್ಯಾವಾಗ ಇಷ್ಟು ಮುದುಕಿ ಆದೆ?” ಎಂದು ನಿಜವಾದ ಕಾಳಜಿಯಿಂದ ಕೇಳಿದ. ಹಗಲು ಗಿಡ್ಡವಾದ ಕಾಲ, ಗಿರಣಿಬೀದಿಯಲ್ಲಿ ದೀಪಗಳು ಆಗಲೇ ಬೆಳ್ಳಗೆ ಹೊತ್ತಿದ್ದವು. ಅವನು ಕತ್ತು ಹೊರಳಿಸಿ ಹಿಂದಾದ ಕೊನೆಯ ಕಂಬದವರೆಗೂ ಅವನ್ನು ನೋಡಿದ.

ಮನೆಗೆ ಬಂದವನೇ ಕೋಟು ಕೂಡ ತೆಗೆಯದೆ ಅಟ್ಟ ಹತ್ತಿದ. ಅಡುಗೆಮನೆಯಲ್ಲಿ ತೇಡಾ ಮತ್ತು ಓನ್ನೊ ತಲೆಯ ಮೇಲಿನ ಹಲಗೆಗಳ ಸದ್ದು ಕೇಳುತ್ತ ನಿಂತರು. ಟೆಂಟಿನ ಜಿಪ್ಪು ಸರಿದ ಸದ್ದು. ಆಮೇಲೆ ಸದ್ದೇ ಇಲ್ಲ. ಆಮೇಲೆ ಗುಂಯ್ ಎನ್ನುತ್ತಿದ್ದದ್ದು ನಿಂತಿತು. ಮತ್ತೆ ಶುರುವಾಯಿತು. ಮತ್ತೆ ನಿಂತಿತು.

“ಪಂಪ್ ಸಿಕ್ತು,” ಎಂದ ಓನ್ನೊ, ತನ್ನದೇ ದನಿಯಲ್ಲಿ. ಅವನಿಗೆ ತನ್ನದೇ ದನಿಯಿದೆಯೆಂದು ತೇಡಾಳಿಗೆ ಅವತ್ತೇ ಗೊತ್ತಾದದ್ದು.

ಹಬ್ಬೊ ಇಳಿದು ಬಂದು ಕೂತ. ತೇಡಾ ಕಲ್ಲುಸಕ್ಕರೆ ಹಾಕಿ ಚಹಾ ಸುರಿದಳು, ಕೆನೆ ಇಳಿಸಿದಳು. ಕೆನೆ ಅಂಚು ಬಿಟ್ಟು ನಡುವಿಗೆ ಬಿತ್ತು. ಅವನು ಕುಡಿದ. ನಿಧಾನವಾಗಿ, ತಳದ ಸಕ್ಕರೆ ಕಾಣುವವರೆಗೆ ಕುಡಿದ. ಬಟ್ಟಲು ಕೆಳಗಿಟ್ಟ. ಚಮಚ ಎತ್ತಿಕೊಂಡ.

ತೇಡಾಳ ಸೊಂಟದ ನೋವು ಕೂಡ ಉಸಿರು ಹಿಡಿದು ನಿಂತಿತು.

ಹಬ್ಬೊ ಚಮಚವನ್ನು ಮುಖದ ಹತ್ತಿರ ತಂದು ಅದರ ಬೆನ್ನಿನಲ್ಲಿ ತನ್ನ ಹೊಸ ಕಣ್ಣನ್ನು ನೋಡಿಕೊಂಡ. ಬಲಕ್ಕೆ ತಿರುಗಿಸಿ ನೋಡಿದ, ಎಡಕ್ಕೆ ತಿರುಗಿಸಿ ನೋಡಿದ. ಆಮೇಲೆ ಅದನ್ನು ತಟ್ಟೆಯ ಮೇಲೆ ಅಡ್ಡಲಾಗಿ ಮಲಗಿಸಿ, ಬಟ್ಟಲನ್ನು ಅವಳತ್ತ ಸರಿಸಿದ.

“ಇನ್ನೊಂದು ಹಾಕು,” ಎಂದ. “ಹನಿಗಳು ಇನ್ನೂ ತಿಳಿ ಇವೆ. ಕೊಯ್ಯೋಕೆ ಸಮಯ ಇದೆ.”

ಅವಳು ಸುರಿದಳು. ಅರ್ಧ ತಟ್ಟೆಗೆ ಬಿತ್ತು.

“ಓನ್ನೊ,” ಎಂದ ಹಬ್ಬೊ, ಗೋಡೆ ನೋಡುತ್ತ. “ಒಂದು ಬಲ್ಬ್ ಬದಲಾಯಿಸೋಕೆ ಎಷ್ಟ್ ಜನ ಪೂರ್ವ ಫ್ರೀಸರು ಬೇಕು?”

ಓನ್ನೊ ತೇಡಾಳ ಮುಖ ನೋಡಿದ. ಈ ಮನೆಯಲ್ಲಿ ಆ ಪ್ರಶ್ನೆಗೆ ಉತ್ತರಿಸಿ ಬದುಕಿದವರಿಲ್ಲ. “ಗೊತ್ತಿಲ್ಲ ಹಬ್ಬೊ,” ಎಂದ ಮೆಲ್ಲಗೆ.

“ಮೂರು ಜನ. ಇಬ್ರು ಕದ್ದು ಬದಲಾಯಿಸೋಕೆ.” ಬಟ್ಟಲೆತ್ತಿ ಒಂದು ಗುಟುಕು ಕುಡಿದ. “ಇನ್ನೊಬ್ಬ ಕೆಳಗೆ ನಿಂತು ‘ಜೇನುತುಪ್ಪ’ ಅನ್ನೋಕೆ.”

ಹೇಳಿದವನು ತನ್ನ ಮಾತು ತನಗೇ ಕೇಳಿಸಿದ ಹಾಗೆ ಒಂದು ಕ್ಷಣ ತಡೆದ. ಮೂಗಿನಿಂದ ಒಂದು ಸದ್ದು ಹೊರಟಿತು, ಎಲ್‌ಇಡಿಗೆ ಹೊರಡಿಸುವ ಅದೇ ಸದ್ದು. ಅದು ಅಲ್ಲಿಗೆ ನಿಲ್ಲಲಿಲ್ಲ. ಹೆಗಲಿಗಿಳಿಯಿತು, ಹೊಟ್ಟೆಗಿಳಿಯಿತು, ಮೇಜು ಹಿಡಿದು ಅಲ್ಲಾಡಿಸಿತು. “ಮೀನಿನ ಪಂಪು!” ಎಂದು ಕೂಗಿದ. “ಮುದುಕಿ ಜೋರಾಗಿದಾಳೆ ಅಂದ್ನಲ್ಲೋ ನಾನು!” ಡಾಕ್ಟರಮ್ಮ ಕಣ್ಣಿಗೆ ನೀರು ತಾಗಿಸಬೇಡಿ ಎಂದಿದ್ದರು, ಆ ಕಣ್ಣಿಂದಲೇ ನೀರು ಧಾರೆಯಾಗಿ ಇಳಿಯುತ್ತಿತ್ತು. ಓನ್ನೊ ನಕ್ಕ, ತೇಡಾ ಸೊಂಟ ಹಿಡಿದುಕೊಂಡು ನಕ್ಕಳು. ಆದರೆ ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ತಿರುಗಿ ನೋಡಿದ್ದು ಹಬ್ಬೊನ ನಗೆಗೆ.